ಎರಡರಿಂದ ಮೂರಕ್ಕೆ: ಪೈಥಾನ್ ಭಾಷೆಯ ದೀರ್ಘ ಸಂಕ್ರಮಣ

ಗ್ರಂಥಾಲಯದ ಪುಸ್ತಕಪಟ್ಟಿಯಾಗಲಿ, ಶಾಲೆಯ ಪ್ರವೇಶಪತ್ರವಾಗಲಿ, ಸಹಕಾರ ಸಂಘದ ಸದಸ್ಯರ ಲೆಕ್ಕವಾಗಲಿ, ಇಂದು ಯಾವುದಾದರೊಂದು ತಂತ್ರಾಂಶದ ಆಶ್ರಯವಿಲ್ಲದೆ ನಡೆಯುವುದು ವಿರಳ. ಆ ತಂತ್ರಾಂಶವಾದರೋ ಅನ್ಯರು ರಚಿಸಿಕೊಟ್ಟ ಒಂದು ಫ್ರೇಮ್‌ವರ್ಕನ್ನೂ, ಆ ಫ್ರೇಮ್‌ವರ್ಕು ಒಂದು ಪ್ರೋಗ್ರಾಮಿಂಗ್ ಭಾಷೆಯನ್ನೂ, ಇವೆರಡರ ಜೊತೆಗೆ ಹತ್ತಾರು ಸಣ್ಣ ಪ್ಯಾಕೇಜುಗಳನ್ನೂ ಅವಲಂಬಿಸಿಕೊಂಡಿರುತ್ತದೆ. ಇವುಗಳಲ್ಲಿ ಒಂದಕ್ಕೆ ಹೊಸ ಆವೃತ್ತಿ ಬಂದು, ಅದನ್ನು ಅಳವಡಿಸಿಕೊಂಡ ಮರುದಿನವೇ, ನಿನ್ನೆಯವರೆಗೆ ನಿರ್ವಿಘ್ನವಾಗಿ ನಡೆಯುತ್ತಿದ್ದ ಕೆಲಸವು ಕಾರಣ ತಿಳಿಯದೆ ನಿಂತುಹೋಗುವುದುಂಟು. ಕೆಲಸ ಮಾಡುವವರು ತಮ್ಮ ಪ್ರೋಗ್ರಾಮಿನ ಒಂದಕ್ಷರವನ್ನೂ ಬದಲಿಸಿರುವುದಿಲ್ಲ. ಬದಲಾದುದು ಅದು ನಿಂತ ನೆಲ. ಈ ಬಗೆಯ ಹೊಂದಾಣಿಕೆಯ ತೊಡಕನ್ನು ಅರಿಯಬಯಸುವವರಿಗೆ ಪೈಥಾನ್ ಭಾಷೆಯು ತನ್ನ ಎರಡನೆಯ ಆವೃತ್ತಿಯಿಂದ ಮೂರನೆಯದಕ್ಕೆ ದಾಟಿದ ವೃತ್ತಾಂತಕ್ಕಿಂತ ಮಿಗಿಲಾದ ಪಾಠ ನಾನು ಬಲ್ಲಮಟ್ಟಿಗೆ ಇಲ್ಲ. ಅದರಲ್ಲಿಯೂ ಕನ್ನಡ ಬರೆಯುವವರಿಗೆ ಆ ವೃತ್ತಾಂತದಲ್ಲಿ ಸ್ವಂತದ ಪಾಲೊಂದಿದೆ.

ಪೈಥಾನನ್ನು ನೆದರ್ಲೆಂಡ್ಸ್ ದೇಶದ ಗೀಡೋ ವಾನ್ ರಾಸಮ್ ಅವರು 1991ರ ಫೆಬ್ರವರಿಯಲ್ಲಿ ಲೋಕದ ಕೈಗಿತ್ತರು. ಜಗತ್ತಿನ ಲಿಪಿಗಳೆಲ್ಲಕ್ಕೂ ಒಂದೊಂದು ಸಂಖ್ಯೆಯನ್ನು ನಿಗದಿಮಾಡುವ ಯೂನಿಕೋಡಿನ ಮೊದಲ ಆವೃತ್ತಿಯು ಪ್ರಕಟವಾದುದು ಅದೇ ವರ್ಷದ ಅಕ್ಟೋಬರಿನಲ್ಲಿ. ಅಂದರೆ ಈ ಭಾಷೆಯು ಹುಟ್ಟಿದ ಕಾಲಕ್ಕೆ ಗಣಕಕ್ಕೆ ಪಠ್ಯವೆಂದರೆ ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳ ಸಾಲು. ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ಲೆಕ್ಕವೇ ಸಾಕಾಗಿತ್ತು. 2000ದಲ್ಲಿ ಬಂದ ಎರಡನೆಯ ಆವೃತ್ತಿಯು ಯೂನಿಕೋಡ್ ಪಠ್ಯಕ್ಕೆಂದು ಬೇರೊಂದು ಬಗೆಯನ್ನು ಸೇರಿಸಿತಾದರೂ ಹಳೆಯ ಬೈಟುಗಳ ಪಠ್ಯವನ್ನು ಹಾಗೆಯೇ ಉಳಿಸಿಕೊಂಡು, ಎರಡೂ ಒಂದೆಡೆ ಸೇರಿದಾಗ ಹಳೆಯದನ್ನು ಇಂಗ್ಲಿಷಿನದೆಂದೇ ಭಾವಿಸಿ ಸದ್ದಿಲ್ಲದೆ ಬೆರೆಸಿಬಿಡುತ್ತಿತ್ತು.

ಇದರ ಫಲವನ್ನು ನಮ್ಮದೇ ಪದವೊಂದರಿಂದ ನೋಡಬಹುದು. ‘ಕನ್ನಡ’ ಎಂದು ಬರೆದು, ಇದರಲ್ಲಿ ಎಷ್ಟು ಅಕ್ಷರಗಳಿವೆಯೆಂದು ಹಳೆಯ ಪೈಥಾನನ್ನು ಕೇಳಿದರೆ, ಪಠ್ಯವು ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿದ್ದ ಪಕ್ಷದಲ್ಲಿ, 15 ಎಂಬ ಉತ್ತರ ಬರುತ್ತಿತ್ತು. ಏಕೆಂದರೆ ಆ ಕ್ರಮದಲ್ಲಿ ನಮ್ಮ ಲಿಪಿಯ ಒಂದೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು, ಅದು ಎಣಿಸುತ್ತಿದ್ದುದು ಬೈಟುಗಳನ್ನು. ಹೆಸರಿನ ಮೊದಲ ಹತ್ತು ‘ಅಕ್ಷರ’ಗಳನ್ನು ಮಾತ್ರ ಪಟ್ಟಿಯಲ್ಲಿ ತೋರಿಸೆಂದು ಹೇಳಿದರೆ ಅದು ಚಿಹ್ನೆಯೊಂದನ್ನು ನಡುವೆ ಕತ್ತರಿಸಿ ಓದಲಾಗದ ಚೂರನ್ನು ಕೊಡುತ್ತಿತ್ತು. ಇದಕ್ಕಿಂತ ಕೆಟ್ಟದ್ದೆಂದರೆ, ಇಂಗ್ಲಿಷ್ ಹೆಸರುಗಳಿಂದ ಪರೀಕ್ಷೆ ಮಾಡಿದಷ್ಟು ಕಾಲವೂ ಒಂದು ದೋಷವನ್ನೂ ತೋರದ ಪ್ರೋಗ್ರಾಂ, ಯಾರೋ ಒಬ್ಬರು ತಮ್ಮ ಹೆಸರನ್ನು ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಜಪಾನಿ ಲಿಪಿಯಲ್ಲಿಯೋ ಬರೆದ ಕ್ಷಣದಲ್ಲಿ ‘ಆಸ್ಕಿಯಿಂದ (ಎಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ರಮದಿಂದ) ಈ ಬೈಟನ್ನು ಬಿಡಿಸಲಾಗದು’ ಎಂಬರ್ಥದ ಸಂದೇಶವನ್ನು ಕಾರಿ ನಿಂತುಬಿಡುತ್ತಿತ್ತು. ದೋಷವು ಮೊದಲಿನಿಂದಲೂ ಅಲ್ಲಿಯೇ ಇತ್ತು. ಅದು ಹೊರಬೀಳಲು ಇಂಗ್ಲಿಷಿನಲ್ಲಿ ಬರೆಯದ ಬಳಕೆದಾರನೊಬ್ಬನು ಬರಬೇಕಾಗಿತ್ತು. ಹೊಸ ಪೈಥಾನಿನಲ್ಲಿ ಅದೇ ಪ್ರಶ್ನೆಗೆ 5 ಎಂದು ಉತ್ತರ ಬರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರವಾದರೂ ಒತ್ತಕ್ಷರದೊಳಗಿನ ಹಲಂತಚಿಹ್ನೆ ಮತ್ತು ಎರಡು ನಕಾರಗಳು ಯೂನಿಕೋಡಿನಲ್ಲಿ ಪ್ರತ್ಯೇಕವಾಗಿರುವುದರಿಂದ ಐದಾಗುತ್ತದೆ. ಪರಿಪೂರ್ಣವಲ್ಲದಿದ್ದರೂ ನ್ಯಾಯದತ್ತ ಇಟ್ಟ ದೊಡ್ಡ ಹೆಜ್ಜೆ ಇದು. ಆದಕಾರಣ ಮುಂದೆ ಹೇಳಲಿರುವ ಕಷ್ಟಗಳನ್ನೆಲ್ಲ ಬಲ್ಲೆನಾದರೂ ಆ ಮಾರ್ಪಾಟು ಮಾಡಬೇಕಾದದ್ದೇ ಆಗಿತ್ತೆಂದು ನಾನು ದೃಢವಾಗಿ ನಂಬಿದ್ದೇನೆ.

ಮೂರನೆಯ ಆವೃತ್ತಿಯು 2008ರ ಡಿಸೆಂಬರ್ 3ರಂದು ಹೊರಬಂದಿತು. ಹಳೆಯ ಪ್ರೋಗ್ರಾಮುಗಳು ಅದರಲ್ಲಿ ಹಾಗೆಯೇ ನಡೆಯಲಾರವೆಂಬುದನ್ನು ನಿರ್ಮಾಪಕರು ಮುಚ್ಚಿಡಲಿಲ್ಲ. ಬದಲಾವಣೆಗಳಲ್ಲಿ ಕೆಲವು ಸದ್ದು ಮಾಡುವಂಥವು: ತೆರೆಯ ಮೇಲೆ ಬರೆಯಿಸುವ ‘ಪ್ರಿಂಟ್’ ಆಜ್ಞೆಗೆ ಇನ್ನು ಮುಂದೆ ಆವರಣ ಚಿಹ್ನೆಗಳು ಬೇಕೆಂಬುದು ಅಂಥದ್ದು, ಹಾಕದಿದ್ದರೆ ಪ್ರೋಗ್ರಾಂ ಹೊರಡುವುದೇ ಇಲ್ಲ, ಹುಡುಕಿ ತಿದ್ದಬಹುದು. ಮತ್ತೆ ಕೆಲವು ಮೌನವಾಗಿ ಬರುವಂಥವು, ಭಯಪಡಬೇಕಾದದ್ದು ಇವುಗಳಿಗೆ. ಏಳನ್ನು ಎರಡರಿಂದ ಭಾಗಿಸೆಂದರೆ ಹಳೆಯ ಪೈಥಾನ್ ಶೇಷವನ್ನು ಬಿಟ್ಟು 3 ಎನ್ನುತ್ತಿತ್ತು, ಹೊಸದು 3.5 ಎನ್ನುತ್ತದೆ. ಎರಡರಲ್ಲಿಯೂ ಪ್ರೋಗ್ರಾಂ ನಿಲ್ಲುವುದಿಲ್ಲ, ಯಾವ ಸಂದೇಶವೂ ಬರುವುದಿಲ್ಲ. ಹಳೆಯ ನಡವಳಿಕೆಯನ್ನೇ ನಂಬಿ ಬರೆದ ಲೆಕ್ಕವು ಮಾತ್ರ ಸ್ವಲ್ಪ ಬೇರೆಯಾಗಿ, ತಿಂಗಳ ಕೊನೆಯಲ್ಲಿ ಯಾರಾದರೂ ಮೊತ್ತವನ್ನು ಕೈಯಿಂದ ಕೂಡಿ ನೋಡುವವರೆಗೆ ಹಾಗೆಯೇ ಸಾಗುತ್ತದೆ. ಪಟ್ಟಿಯನ್ನು ಕೊಡುತ್ತಿದ್ದ ‘ಮ್ಯಾಪ್’ ಮುಂತಾದ ಸಾಧನಗಳು ಹೊಸ ಆವೃತ್ತಿಯಲ್ಲಿ ಒಂದೇ ಬಾರಿ ಓದಬಹುದಾದ ಧಾರೆಯನ್ನು ಕೊಡತೊಡಗಿದವು. ಎರಡನೆಯ ಬಾರಿ ಓದಿದವನಿಗೆ ಅಲ್ಲಿ ಶೂನ್ಯವೇ ಸಿಕ್ಕಿತು, ತಪ್ಪೆಂದು ಹೇಳುವವರಾರೂ ಇರಲಿಲ್ಲ. ಇಂಥ ದೋಷಗಳನ್ನು ಹಿಡಿಯಲು ಪ್ರೋಗ್ರಾಮಿನ ಪ್ರತಿಯೊಂದು ಭಾಗವೂ ಇಂಥ ಇನ್‌ಪುಟ್ಟಿಗೆ ಇಂಥ ಉತ್ತರವನ್ನೇ ಕೊಡಬೇಕೆಂದು ಮೊದಲೇ ಬರೆದಿಟ್ಟ ಟೆಸ್ಟುಗಳ ಹೊರತು ಬೇರೆ ಉಪಾಯವಿಲ್ಲ. ಅವನ್ನು ಬರೆಯುವ ವೇಳೆ ಅಪ್‌ಗ್ರೇಡಿನ ಹಿಂದಿನ ದಿನಗಳೇ ಹೊರತು ಮುಂದಿನವಲ್ಲ.

ಹೊಸದು ಇಷ್ಟು ಉತ್ತಮವಾಗಿದ್ದರೂ ಜನ ಬೇಗ ದಾಟಲಿಲ್ಲವೇಕೆ? ಒಬ್ಬೊಬ್ಬರೂ ಪರಾವಲಂಬಿಗಳಾಗಿದ್ದುದೇ ಕಾರಣ. ತನ್ನ ಪ್ರೋಗ್ರಾಮನ್ನು ತಿದ್ದಿಕೊಳ್ಳಲು ಸಿದ್ಧನಾದವನೂ ತಾನು ಬಳಸುವ ಇಪ್ಪತ್ತು ಪ್ಯಾಕೇಜುಗಳಲ್ಲಿ ಒಂದು ಹಿಂದುಳಿದಿದ್ದರೆ ಅದಕ್ಕಾಗಿ ಕಾಯಬೇಕು. ಆ ಪ್ಯಾಕೇಜಿನ ಕರ್ತನೋ, ತನ್ನ ಬಳಕೆದಾರರೆಲ್ಲ ಹಳೆಯದರಲ್ಲಿಯೇ ಇರುವಾಗ ತಾನೇಕೆ ಶ್ರಮಪಡಬೇಕೆಂದು ಸುಮ್ಮನಿರುವನು. ಈ ಪರಸ್ಪರ ನಿರೀಕ್ಷೆಯ ಗಂಟು ಇಂದಿಗೂ ಪ್ರತಿಯೊಂದು ಫ್ರೇಮ್‌ವರ್ಕಿನ ಅಪ್‌ಗ್ರೇಡಿನಲ್ಲಿ ಕಾಣಿಸಿಕೊಳ್ಳುತ್ತದೆ: ಒಂದು ಪ್ಯಾಕೇಜಿಗೆ ಫ್ರೇಮ್‌ವರ್ಕಿನ ಹೊಸ ಆವೃತ್ತಿಯೇ ಬೇಕು, ಇನ್ನೊಂದಕ್ಕೆ ಹಳೆಯದೇ ಬೇಕು, ಒಂದೇ ಮನೆಯಲ್ಲಿ ಎರಡೂ ಇರಲಾರವು.

ಗಂಟು ಸಡಿಲಗೊಂಡ ಬಗೆ ನನ್ನನ್ನು ಇಂದಿಗೂ ಸೆಳೆಯುತ್ತದೆ. ಆರಂಭದಲ್ಲಿ ನಿರ್ಮಾಪಕರು ‘2ಟು3’ ಎಂಬ ಪರಿವರ್ತಕವನ್ನು ಕೊಟ್ಟು, ಹಳೆಯ ಪ್ರೋಗ್ರಾಮನ್ನು ಇದರ ಮೂಲಕ ಹಾಯಿಸಿದರೆ ಹೊಸದು ಸಿದ್ಧವಾಗುವುದೆಂದು ಎಣಿಸಿದ್ದರು. ಆದರೆ ಒಂದೇ ದಿಕ್ಕಿನ ಆ ಪರಿವರ್ತನೆಯಿಂದ ಎರಡು ಪ್ರತಿಗಳು ಹುಟ್ಟುತ್ತಿದ್ದವು. ಎರಡೂ ಬಗೆಯ ಬಳಕೆದಾರರನ್ನುಳ್ಳ ಪ್ಯಾಕೇಜು ಪ್ರತಿಯೊಂದು ತಿದ್ದುಪಡಿಯನ್ನೂ ಎರಡೆರಡು ಕಡೆ ನೋಡಿಕೊಳ್ಳಬೇಕಾಗಿತ್ತು. ಕೆಲಸಕ್ಕೆ ಬಂದದ್ದು ಬೇರೊಂದು ದಾರಿ: ಎರಡು ಆವೃತ್ತಿಗಳಲ್ಲಿಯೂ ನಡೆಯಬಲ್ಲ ಒಂದೇ ಪ್ರೋಗ್ರಾಮನ್ನು ಬರೆಯುವುದು. ಅದಕ್ಕೆ ನೆರವಾಗಲೆಂದು ‘ಸಿಕ್ಸ್’ ಎಂಬ ಸಣ್ಣ ಲೈಬ್ರರಿ ಬಂದಿತು. ಯೂನಿಕೋಡ್ ಪಠ್ಯದ ಮುಂದೆ ಹಳಬರು ಹಾಕುತ್ತಿದ್ದ ‘ಯು’ ಎಂಬ ಗುರುತನ್ನು ಅನವಶ್ಯಕವೆಂದು ಕಿತ್ತೊಗೆದಿದ್ದ ಹೊಸ ಪೈಥಾನ್, ಪೈಥಾನ್ ಪ್ರೋಗ್ರಾಮರ್ ಆರ್ಮಿನ್ ರೊನಾಕರ್ ಅವರ ಸಲಹೆಯಂತೆ, 2012ರ 3.3ನೆಯ ಆವೃತ್ತಿಯಲ್ಲಿ ಅದನ್ನು ಮರಳಿ ಅಂಗೀಕರಿಸಿತು. ಆ ಗುರುತಿಗೆ ಹೊಸದರಲ್ಲಿ ಯಾವ ಕೆಲಸವೂ ಇಲ್ಲ. ಹಳೆಯ ಬರಹವನ್ನು ಸಹಿಸಿಕೊಳ್ಳುವುದಷ್ಟೇ ಅದರ ಪ್ರಯೋಜನ. ನಮ್ಮ ದೇಶದಲ್ಲಿ 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯಗಳು ಬಂದಾಗಲೂ ಹೀಗೆಯೇ ಆಯಿತು: ಆಣೆಯೂ ನಯಾ ಪೈಸೆಯೂ ಕೆಲಕಾಲ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಕೂಡಿದ್ದು, ಆಣೆಗೆ ಆರೂಕಾಲು ಪೈಸೆಯೆಂಬ ಕಿರಿಕಿರಿಯ ಲೆಕ್ಕವನ್ನು ಜನ ಸಹಿಸಿಕೊಂಡುದರಿಂದಲೇ ಮಾರ್ಪಾಟು ನೆರವೇರಿತು. ಹಳೆಯದೂ ಹೊಸದೂ ಜೊತೆಯಾಗಿ ಬಾಳುವ ಒಂದು ಅವಧಿಯನ್ನು ಉದ್ದೇಶಪೂರ್ವಕವಾಗಿ ಕಲ್ಪಿಸಿಕೊಡುವುದೇ ಆವೃತ್ತಿಗಳ ತೊಡಕಿಗೆ ಮದ್ದೆಂದು ನಾನು ತಿಳಿಯುತ್ತೇನೆ.

ಅಮೆರಿಕದ ಕಾನ್ಸಸ್ ಸಂಸ್ಥಾನದ ಲಾರೆನ್ಸ್ ನಗರದ ವೃತ್ತಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕರಿಗೆ ದೊರೆತ ‘ಜ್ಯಾಂಗೋ’ ಎಂಬ ಪೈಥಾನ್ ಫ್ರೇಮ್‌ವರ್ಕು ಈ ಅವಧಿಯನ್ನು ನಿಯಮವಾಗಿಯೇ ಪಾಲಿಸುತ್ತದೆ. ಯಾವುದಾದರೂ ಸೌಲಭ್ಯವನ್ನು ತೆಗೆದುಹಾಕಬೇಕಾದರೆ ಅದು ಮೊದಲು ಎಚ್ಚರಿಕೆ ಕೊಡತೊಡಗುತ್ತದೆ. ಮುಂದಿನ ಕೆಲವು ಬಿಡುಗಡೆಗಳವರೆಗೆ ಹಳೆಯದು ನಡೆಯುತ್ತಿದ್ದು ಆಮೇಲೆ ಮಾತ್ರ ಇಲ್ಲವಾಗುತ್ತದೆ. ಲೇಖಕನ ದಾಖಲೆಯನ್ನು ಅಳಿಸಿದರೆ ಅವನ ಪುಸ್ತಕಗಳ ದಾಖಲೆಗಳ ಗತಿಯೇನೆಂಬುದನ್ನು ಬರೆಯದಿದ್ದವರಿಗೆ ಅವೂ ಅಳಿಯತಕ್ಕವೆಂದು ಹಿಂದಿನ ಜ್ಯಾಂಗೋ ತಾನಾಗಿಯೇ ತೀರ್ಮಾನಿಸುತ್ತಿತ್ತು. ಇದು ಅಪಾಯಕರವೆಂದು ಕಂಡು, 2015ರ 1.9ನೆಯ ಆವೃತ್ತಿಯಿಂದ ಎಚ್ಚರಿಕೆ ಕೊಡುತ್ತ ಬಂದು, 2017ರ ಡಿಸೆಂಬರಿನ 2.0ರಲ್ಲಿ ಬಳಕೆದಾರನೇ ಅದನ್ನು ಸ್ಪಷ್ಟವಾಗಿ ಬರೆಯತಕ್ಕದ್ದೆಂದು ಕಡ್ಡಾಯಮಾಡಿತು. ಪೈಥಾನ್ 2ನ್ನು ಪೂರ್ತಿ ಕೈಬಿಟ್ಟುದೂ ಆ 2.0ರಲ್ಲಿಯೇ. ನಡುವೆ ಎರಡು ವರ್ಷಗಳಿದ್ದರೂ ಅನೇಕರು ಎಚ್ಚರಿಕೆಯನ್ನು ಕೇಳಲಿಲ್ಲ, ಏಕೆಂದರೆ ಇಂಥ ಎಚ್ಚರಿಕೆಗಳನ್ನು ಪೈಥಾನ್ ತಾನಾಗಿ ತೋರಿಸದೆ ಅಡಗಿಸಿಡುತ್ತಿತ್ತು; ತೋರಿಸೆಂದು ಕೇಳಿಕೊಂಡವರಿಗೆ ಮಾತ್ರ ಕಾಣಿಸುತ್ತಿತ್ತು. ಹೀಗಾಗಿ ಅಪ್‌ಗ್ರೇಡಿಗೆ ಕೈಹಾಕುವವರು ಮಾಡಬೇಕಾದ ಮೊದಲ ಕೆಲಸವೆಂದರೆ ಈಗಿರುವ ಆವೃತ್ತಿಯಲ್ಲಿಯೇ ಎಚ್ಚರಿಕೆಗಳನ್ನು ಹೊರಗೆಳೆದು, ಒಂದೂ ಉಳಿಯದಂತೆ ತಿದ್ದಿಕೊಳ್ಳುವುದು. ಅನಂತರ, ನಾಲ್ಕಾರು ಆವೃತ್ತಿ ಹಿಂದೆ ಬಿದ್ದಿದ್ದರೆ ಒಮ್ಮೆಗೇ ತುದಿಗೆ ನೆಗೆಯದೆ ಒಂದೊಂದನ್ನೇ ಹತ್ತುವುದು. ಹೆಜ್ಜೆ ಹೆಜ್ಜೆಗೂ ಟೆಸ್ಟುಗಳನ್ನು ನಡೆಸಿದರೆ, ಏನು ಮುರಿಯಿತೆಂಬುದರ ಜೊತೆಗೆ ಯಾವ ಬದಲಾವಣೆಯಿಂದ ಮುರಿಯಿತೆಂಬುದೂ ತಿಳಿಯುತ್ತದೆ. ಪ್ರತಿಯೊಂದು ಪ್ಯಾಕೇಜಿನ ಆವೃತ್ತಿಸಂಖ್ಯೆಯನ್ನೂ ಕಡತವೊಂದರಲ್ಲಿ ಬರೆದು ಭದ್ರಪಡಿಸಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದೊಡ್ಡ ಪ್ರಮಾಣದಲ್ಲಿಯೂ ಇದು ಸಾಧ್ಯವೆಂಬುದನ್ನು ಜ್ಯಾಂಗೋವನ್ನು ಆಧರಿಸಿದ ಇನ್‌ಸ್ಟಾಗ್ರಾಂ ತೋರಿಸಿಕೊಟ್ಟಿತು. ಅದರ ಎಂಜಿನಿಯರುಗಳು 2017ರ ಪೈಥಾನ್ ಸಮ್ಮೇಳನದಲ್ಲಿ ವಿವರಿಸಿದಂತೆ, ಹೊಸ ಆವೃತ್ತಿಗೆಂದು ಪ್ರತ್ಯೇಕ ಶಾಖೆಯನ್ನು ತೆರೆಯದೆ, ಎಲ್ಲರೂ ದಿನನಿತ್ಯ ಕೆಲಸ ಮಾಡುವ ಮುಖ್ಯ ಪ್ರತಿಯನ್ನೇ ಎರಡರಲ್ಲಿಯೂ ನಡೆಯುವಂತೆ ತಿದ್ದುತ್ತ ಹೋಗಿ, ಹೊಸದನ್ನು ಮೊದಲು ಕೆಲವೇ ಬಳಕೆದಾರರಿಗೆ ಕೊಟ್ಟು ಕ್ರಮೇಣ ವಿಸ್ತರಿಸಿದರು. ಅಲ್ಲಿಯೂ ಒಂದು ಅನಿರೀಕ್ಷಿತ ತೊಡಕು ಎದುರಾಯಿತು: ಎರಡೂ ಹಂಚಿಕೊಂಡಿದ್ದ ಸ್ಮೃತಿಕೋಶದಲ್ಲಿ (ಕ್ಯಾಶ್) ಹೊಸ ಪೈಥಾನ್ ಬರೆದಿಟ್ಟ ದತ್ತಾಂಶವನ್ನು ಹಳೆಯ ಪೈಥಾನ್ ಓದಲಾರದೆ ಹೋಗುತ್ತಿತ್ತು; ಎರಡಕ್ಕೂ ಬೇರೆಬೇರೆ ಕೋಶಗಳನ್ನು ಕೊಟ್ಟು ಅದನ್ನು ಪರಿಹರಿಸಿದರು. ಎರಡು ಆವೃತ್ತಿಗಳನ್ನು ಜೊತೆಯಲ್ಲಿ ಓಡಿಸುವವರು ಪ್ರೋಗ್ರಾಮಿನಷ್ಟೇ ಗಮನವನ್ನು ಅವು ಹಂಚಿಕೊಳ್ಳುವ ದತ್ತಾಂಶಕ್ಕೂ ಕೊಡಬೇಕಾಗುತ್ತದೆ.

ಪೈಥಾನ್ 2ರ ಪೋಷಣೆಯನ್ನು 2015ಕ್ಕೆ ನಿಲ್ಲಿಸುವುದೆಂದಿದ್ದ ಗಡುವನ್ನು 2014ರಲ್ಲಿ ಐದು ವರ್ಷ ಮುಂದೂಡಿದರು. ಅಂತೂ 2020ರ ಜನವರಿ 1ಕ್ಕೆ ಅದು ಮುಗಿಯಿತು, ಕಡೆಯದಾದ 2.7.18 ಅದೇ ವರ್ಷದ ಏಪ್ರಿಲಿನಲ್ಲಿ ಬಂದಿತು. ಮುಂದೂಡಿದುದು ಸರಿಯೇ ಎಂಬ ವಾದ ಇನ್ನೂ ಇದೆ. ಅಷ್ಟು ಜನರನ್ನು ಹಿಂದೆ ಬಿಟ್ಟು ಹೋಗದಿದ್ದುದು ಸೌಜನ್ಯವೆಂದೇ ನನ್ನ ಮತ. ಆಮೇಲೆ ಇಷ್ಟು ದೊಡ್ಡ ಬಿರುಕು ಬಿದ್ದಿಲ್ಲವಾದರೂ ವರ್ಷಕ್ಕೊಂದರಂತೆ ಬರುವ ಆವೃತ್ತಿಗಳು ಸಣ್ಣಪುಟ್ಟದ್ದನ್ನು ಕಳಚುತ್ತಲೇ ಇವೆ: ಪ್ಯಾಕೇಜು ಕಟ್ಟಲು ಬಹುಕಾಲ ಬಳಸಿದ ‘ಡಿಸ್ಟ್ಯುಟಿಲ್ಸ್’ 2023ರ 3.12ರಲ್ಲಿ ಹೋಯಿತು, ಹಳೆಯ ವೆಬ್ ಪ್ರೋಗ್ರಾಮುಗಳು ನಂಬಿದ್ದ ‘ಸಿಜಿಐ’ಯೂ, ಮೇಲೆ ಹೇಳಿದ ‘2ಟು3’ ಪರಿವರ್ತಕವೂ 2024ರ 3.13ರಲ್ಲಿ ಹೋದವು. ಒಂದೊಂದು ಆವೃತ್ತಿಗೂ ಐದು ವರ್ಷದ ಪೋಷಣೆಯುಂಟು. ಅದು ತೀರಿದ ಮೇಲೆ ಭದ್ರತೆಯ ತಿದ್ದುಪಡಿಗಳೂ ಬರುವುದಿಲ್ಲ.

ಸಣ್ಣ ಸಂಸ್ಥೆಗಳು ತಂತ್ರಾಂಶವನ್ನು ಮಾಡಿಸಿಕೊಳ್ಳುವಾಗ ಹಣವನ್ನು ನಿರ್ಮಾಣಕ್ಕೆಂದು ಮಾತ್ರ ಎತ್ತಿಡುವುದೂ, ಮಾಡಿಕೊಟ್ಟವರು ಬೇರೆ ಕೆಲಸಕ್ಕೆ ಹೊರಟುಹೋಗುವುದೂ, ನಾಲ್ಕೈದು ವರ್ಷದ ಬಳಿಕ ಸರ್ವರ್ ಯಂತ್ರವನ್ನು ಹೊಸದಾಗಿಸಿದ ದಿನ ಎಲ್ಲವೂ ನಿಂತು ಯಾರನ್ನು ಕೇಳಬೇಕೆಂದು ತಿಳಿಯದೆ ತೊಳಲುವುದೂ ಸಾಮಾನ್ಯ. ಗ್ರಂಥಾಲಯದ ಕಾರ್ಯದರ್ಶಿಗಾಗಲಿ ಶಾಲೆಯ ಮುಖ್ಯೋಪಾಧ್ಯಾಯರಿಗಾಗಲಿ ಪ್ರೋಗ್ರಾಮಿಂಗ್ ತಿಳಿದಿರಬೇಕಾದದ್ದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಇದು ಯಾವ ಫ್ರೇಮ್‌ವರ್ಕಿನ ಎಷ್ಟನೆಯ ಆವೃತ್ತಿಯ ಮೇಲೆ ನಿಂತಿದೆ, ಅದರ ಪೋಷಣೆ ಯಾವ ವರ್ಷಕ್ಕೆ ಮುಗಿಯುತ್ತದೆ, ವರ್ಷಕ್ಕೊಮ್ಮೆ ಅದನ್ನು ಮೇಲಕ್ಕೆ ತರುವ ಹೊಣೆ ಯಾರದು, ಅದರ ವೆಚ್ಚವೆಷ್ಟು, ಟೆಸ್ಟುಗಳನ್ನೂ ಮೂಲ ಕೋಡನ್ನೂ ನಮ್ಮ ಕೈಗೆ ಕೊಡುವಿರಾ ಎಂದು ಕೇಳಿ, ಉತ್ತರಗಳನ್ನು ಒಪ್ಪಂದದಲ್ಲಿಯೇ ಬರೆಯಿಸಿಕೊಂಡು, ವಾರ್ಷಿಕ ಆಯವ್ಯಯದಲ್ಲಿ ಕಟ್ಟಡದ ದುರಸ್ತಿಗೆಂಬಂತೆ ಇದಕ್ಕೂ ಒಂದು ಬಾಬನ್ನು ತೆರೆದರೆ ಸಾಕು. ಟೆಸ್ಟುಗಳಲ್ಲಿ ಕನ್ನಡದ ಹೆಸರುಗಳು, ಅದರಲ್ಲಿಯೂ ಒತ್ತಕ್ಷರಗಳಿರುವ ಹೆಸರುಗಳು ಸೇರಿರಲೆಂದು ಕೇಳಿಕೊಳ್ಳುವುದನ್ನು ಮಾತ್ರ ಮರೆಯಬಾರದು.