ಅಟ್ಟದಿಂದ ಇಳಿದ ಕೈಚೀಲ

ಕಳೆದ ದೀಪಾವಳಿಗೆ ನಾಲ್ಕು ದಿನ ಮೊದಲು, ಸಾಗರದ ನಮ್ಮ ಮನೆಯ ಜಗಲಿಯ ಅಟ್ಟವನ್ನು ಗುಡಿಸಲೆಂದು ಏಣಿ ಹತ್ತಿದ ನನಗೆ ಒಡಕು ಹಂಡೆ, ಹಳೆಯ ಪಂಚಾಂಗಗಳ ಕಟ್ಟು, ಕಾಲು ಮುರಿದ ಮಣೆ ಇವುಗಳ ಹಿಂದೆ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿ ನೋಡಿದರೆ, ನಮ್ಮ ಸೋದರತ್ತೆಯ ಚರ್ಮದ ಕೈಚೀಲ! ಒಂದು ಕಾಲಕ್ಕೆ ಜೋನಿಬೆಲ್ಲದ ಬಣ್ಣದಿಂದ ಮಿರುಗುತ್ತಿದ್ದ ಆ ಚೀಲ ಈಗ ಬಿಸಿಲಿಗೆ ಬಿದ್ದ ಅಡಿಕೆಸಿಪ್ಪೆಯಂತೆ ಬಿಳಿಚಿಕೊಂಡಿತ್ತು. ಮುಚ್ಚಳವನ್ನು ಎತ್ತಹೋದೊಡನೆ ಮಡಿಕೆಯಲ್ಲಿ ‘ಚಿರ್ರ್’ ಎಂಬ ಸದ್ದಾಯಿತು. ಕೈಯನ್ನು ಅಲ್ಲಿಯೇ ನಿಲ್ಲಿಸಿದೆನು. ಇನ್ನೊಂದು ಅಂಗುಲ ಎತ್ತಿದ್ದರೆ ಈ ಲೇಖನವನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅತ್ತೆ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಉಪಾಧ್ಯಾಯಿನಿಯಾಗಿದ್ದವರು. 1958ರಲ್ಲಿ, ಕೂಡಿಟ್ಟ ಸಂಬಳದಿಂದ, ಬೆಂಗಳೂರಿಗೆ ಹೋದವರ ಕೈಯಲ್ಲಿ ಹೇಳಿ ತರಿಸಿಕೊಂಡ ಚೀಲವಿದು. ಆಮೇಲೆ ಶರಾವತಿಗೆ ಅಣೆಕಟ್ಟು ಬಂದಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಗಿ, 1819 ಅಡಿಯ ಮಟ್ಟಕ್ಕೆ ನೀರು ನಿಲ್ಲುವುದೆಂದು ಗುರುತಾದ ಮೇಲೆ, ಆ ಗೆರೆಯ ಕೆಳಗಿದ್ದ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಮನೆಗಳಿಗೆ ಜಲಸಮಾಧಿಯಲ್ಲದೆ ಬೇರೆ ಗತಿ ಇರಲಿಲ್ಲ. ಮುಳುಗಡೆಯ ಎಷ್ಟೋ ಸಂಸಾರಗಳು ಭೂಮಿಯ ಕಾಗದಕ್ಕಾಗಿ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದುದನ್ನು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಯ ಕಂದಾಯದ ರಸೀದಿಗಳು, ಪರಿಹಾರದ ನೋಟೀಸು, ಅಜ್ಜನ ಹೆಸರಿನ ಪಹಣಿ, ಎಲ್ಲವೂ ಆಗ ಈ ಚೀಲದಲ್ಲಿದ್ದವು. ಗಾಡಿಯ ಮೇಲೆ ಪಾತ್ರೆ ಪಡಗ, ನಾಗಂದಿಗೆಯ ಹಲಗೆ, ದೇವರ ಪೆಟ್ಟಿಗೆ. ಅತ್ತೆಯ ಕಂಕುಳಲ್ಲಿ ಈ ಚೀಲ. ಹಿಡಿಕೆಯ ಒಂದು ಬದಿ ಇಂದಿಗೂ ಉಳಿದ ಭಾಗಕ್ಕಿಂತ ಕಪ್ಪಾಗಿದೆ. ಅದು ಅವರ ಬಲಗೈಯ ಗುರುತು.

ಇಷ್ಟಾದರೂ ಆ ಚೀಲಕ್ಕೆ ನಮ್ಮ ಮನೆಯ ಒಳಗೆ ಪ್ರವೇಶವಿರಲಿಲ್ಲ. ಚರ್ಮವಲ್ಲವೆ? ಜಗಲಿಯ ಗೂಟವೇ ಅದರ ಸ್ಥಾನ. ಅತ್ತೆ ಶಾಲೆಯಿಂದ ಬಂದು ಚೀಲವನ್ನು ಗೂಟಕ್ಕೆ ತೂಗುಹಾಕಿ, ಕೈಕಾಲು ತೊಳೆದು ಒಳಗೆ ಬರಬೇಕು. ಅದೇ ಮನೆಯಲ್ಲಿ ಅಜ್ಜ ಸಂಧ್ಯಾವಂದನೆಗೆ ಕುಳಿತುಕೊಳ್ಳುತ್ತಿದ್ದುದು ಕೃಷ್ಣಾಜಿನದ ಮೇಲೆ! ಯಕ್ಷಗಾನದ ಮೇಳ ಬಂದಾಗ ಚೆಂಡೆ ಮದ್ದಳೆಗಳಿಗೆ ನಡುಮನೆಯಲ್ಲಿಯೇ ಜಾಗ. ಬಾಲ್ಯದಲ್ಲಿ ಇದರ ತರ್ಕವನ್ನು ಕೇಳಿ ನಾನು ಬೈಸಿಕೊಂಡುದುಂಟು. ಅತ್ತೆ ನಿವೃತ್ತರಾದ ಮೇಲೆ ಚೀಲವು ಗೂಟದಿಂದ ಅಟ್ಟಕ್ಕೆ ಏರಿತು. ಅವರು ತೀರಿಕೊಂಡ ಮೇಲೆ ಅದನ್ನು ನೆನೆದವರಿಲ್ಲ.

ಗುಡಿಸಿದ ಕಸದೊಡನೆ ಅದೂ ಹೋಗುತ್ತಿದ್ದಿತೋ ಏನೋ. ಆದರೆ ಹಬ್ಬಕ್ಕೆ ಬಂದಿದ್ದ ಅಣ್ಣನ ಮಗಳು ಕೆಳಗೆ ನಿಂತು ಏಣಿ ಹಿಡಿದಿದ್ದಳು. ತೀರ್ಥಹಳ್ಳಿಯಲ್ಲಿ ಶಾಲೆಯ ಕೆಲಸಕ್ಕೆ ಸೇರಿ ಅವಳಿಗೆ ಆಗಿನ್ನೂ ಒಂದು ವರ್ಷವಾಗಿತ್ತು. “ಚಿಕ್ಕಪ್ಪ, ಅದನ್ನು ನನಗೆ ಕೊಡಿ. ದಿನಾ ಶಾಲೆಗೆ ತೆಗೆದುಕೊಂಡು ಹೋಗುತ್ತೇನೆ” ಎಂದಳು. ಗಾಜಿನ ಕಪಾಟಿನಲ್ಲಿ ಇಡುತ್ತೇನೆ ಎಂದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ನೋಡಲು ಚೆನ್ನಾಗಿರುವುದು ಬೇರೆ, ನಾಲ್ಕು ಪುಸ್ತಕಗಳ ಭಾರವನ್ನು ಹೊರುವುದು ಬೇರೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಚರ್ಮದ ವಸ್ತುವನ್ನು ಉಳಿಸಹೋಗಿ ಕೆಡಿಸಿದ ಖ್ಯಾತಿ ನನಗೆ ಹಿಂದೆಯೇ ಬಂದಿತ್ತು. ತಂದೆಯ ಚರ್ಮದ ಪೆಟ್ಟಿಗೆಯೊಂದು ಒಣಗಿದ್ದುದನ್ನು ಕಂಡು, ತಲೆಗೆ ಒಳ್ಳೆಯದು ಚರ್ಮಕ್ಕೂ ಒಳ್ಳೆಯದೆಂದು, ಅರ್ಧ ಬಟ್ಟಲು ಕೊಬ್ಬರಿ ಎಣ್ಣೆಯನ್ನು ಅದಕ್ಕೆ ಕುಡಿಸಿದ್ದೆ. ಎರಡು ದಿನ ಹೊಳೆಯಿತು. ಮೂರನೆಯ ವಾರಕ್ಕೆ ಕಪ್ಪುಕಪ್ಪಾಗಿ ಮೆತ್ತಗಾಯಿತು. ಪುಷ್ಯಮಾಸದ ಚಳಿಯಲ್ಲಿ ಅದರ ಮೈಮೇಲೆಲ್ಲ ಬೆಳ್ಳಗೆ ಏನೋ ಹರಡಿತು. ಬೂಷ್ಟು ಬಂತೆಂದು ತಿಕ್ಕಿ ತಿಕ್ಕಿ ಮೇಲುಪದರವನ್ನೇ ಕಿತ್ತುಬಿಟ್ಟೆ. ಅದು ಬೂಷ್ಟೇ ಆಗಿರಲಿಲ್ಲ! ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಚಳಿಗಾಲದ ರಾತ್ರಿಗಳು ಅದಕ್ಕಿಂತ ಎಷ್ಟೋ ತಣ್ಣಗಿರುತ್ತವೆ. ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಗಟ್ಟಿಯಾಗಿ ಬೆಳ್ಳಗೆ ಕಂಡಿತ್ತು, ಅಷ್ಟೆ. ಇವೆರಡನ್ನೂ ಗುರುತಿಸುವ ಉಪಾಯ ಬಹು ಸರಳ. ಬೆಚ್ಚಗಿನ ಬೆರಳನ್ನು ಒಂದು ನಿಮಿಷ ಒತ್ತಿ ಹಿಡಿದರೆ ಕೊಬ್ಬು ಕರಗಿ ಮಾಯವಾಗುತ್ತದೆ. ಬೂಷ್ಟು ಕರಗುವುದಿಲ್ಲ, ಒರೆಸಿಕೊಂಡು ಬರುತ್ತದೆ.

ಚರ್ಮ ಒಣಗುವುದೆಂದರೇನು? ಅದು ಅಸಂಖ್ಯ ನಾರುಗಳ ಹೆಣಿಗೆ. ಹದಮಾಡುವವರು ಅದರಲ್ಲಿ ಸೇರಿಸಿದ ಎಣ್ಣೆಯೂ, ಸ್ವಲ್ಪಮಟ್ಟಿನ ನೀರಿನ ಪಸೆಯೂ ಇರುವವರೆಗೆ ನಾರುಗಳು ಒಂದರ ಪಕ್ಕ ಒಂದು ಜಾರಿ ಬಾಗುತ್ತವೆ. ಪಸೆ ಹೋದರೆ ಒಂದನ್ನೊಂದು ಕಚ್ಚಿಕೊಂಡು, ಬಗ್ಗಿಸಿದಲ್ಲಿ ಮುರಿಯುತ್ತವೆ. ಹೆಂಚಿನ ಕೆಳಗಿನ ಅಟ್ಟದಲ್ಲಿ ಏಪ್ರಿಲ್ ತಿಂಗಳ ಕಾವು ಎಂಥದೆಂದು ನಿಮಗೆ ಗೊತ್ತು. ಅದಾದೊಡನೆ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲುಗಳಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುತ್ತದೆ. ಸಾಗರ ಪೇಟೆಯಲ್ಲಿ ಅಷ್ಟಿಲ್ಲದಿದ್ದರೂ ಆರಿದ್ರೆಯಿಂದ ಆಶ್ಲೇಷದವರೆಗೆ ಬೆಂಕಿಕಡ್ಡಿಯೂ ಹತ್ತಲು ಬೇಸರಪಡುತ್ತದೆ. ಗಾಳಿಯಲ್ಲಿ ತೇವಾಂಶ ನೂರಕ್ಕೆ 65–70ನ್ನು ಮೀರಿ ನಿಂತರೆ ಬೂಷ್ಟಿಗೆ ಹಬ್ಬ. ಬೇಸಗೆಯಲ್ಲಿ ಹುರಿದು ಮಳೆಗಾಲದಲ್ಲಿ ನೆನೆಸುವ ಈ ಸೇವೆ ಅತ್ತೆಯ ಚೀಲಕ್ಕೆ ವರ್ಷ ವರ್ಷವೂ ತಪ್ಪದೆ ನಡೆದಿತ್ತು.

ಕೆಲಸಕ್ಕೆ ಕೈಹಾಕುವ ಮೊದಲು ತಿಳಿಯಬೇಕಾದ ಮುಖ್ಯ ವಿಷಯವೆಂದರೆ ಚರ್ಮವು ಬರಿದೇ ಒಣಗಿದೆಯೋ, ಅಥವಾ ಸತ್ತಿದೆಯೋ ಎಂಬುದು. ತೊಗಟೆಯಿಂದ ಹದಮಾಡಿದ ಹಳೆಯ ಚರ್ಮಕ್ಕೆ ಒಂದು ರೋಗವುಂಟು. ಗಾಳಿಯಲ್ಲಿನ ಗಂಧಕದ ಹೊಗೆ ಮುಂತಾದವುಗಳಿಂದ ಅದರೊಳಗೆ ಆಮ್ಲ ಸೇರಿ, ನಾರುಗಳು ಇಟ್ಟಿಗೆಯ ಪುಡಿಯಂತೆ ಕೆಂಪಗೆ ಉದುರತೊಡಗುತ್ತವೆ. ಇಂಗ್ಲೆಂಡಿನಲ್ಲಿ ಪುಸ್ತಕಗಳ ಚರ್ಮದ ರಟ್ಟುಗಳು ಹೀಗೆ ಪುಡಿಯಾಗುತ್ತಿದ್ದುದನ್ನು ಕಂಡು, ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್ 1900ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಆ ಸಮಿತಿ ಬಹು ಬೇಗ ಹಾಳಾಗುವ ಚರ್ಮಗಳಲ್ಲಿ ನಮ್ಮ ದಕ್ಷಿಣ ಭಾರತದಿಂದ ಹೋಗುತ್ತಿದ್ದ, ತಂಗಡಿಯ ತೊಗಟೆಯಿಂದ ಹದಮಾಡಿದ ಆಡು ಕುರಿಗಳ ಚರ್ಮವನ್ನೂ ಎಣಿಸಿತು! ಹಳದಿ ಹೂವಿನ ಆವರಿಕೆ ಎಂದೂ ಕರೆಯುವ ತಂಗಡಿಯ ಟ್ಯಾನಿನ್ ಒಂದು ಜಾತಿಯದು. ನಮ್ಮ ಕಾಡಿನ ಅಳಲೆಕಾಯಿಯದು ಇನ್ನೊಂದು ಜಾತಿಯದು. ಎರಡನೆಯ ಜಾತಿ ಹೆಚ್ಚು ಬಾಳಿಕೆಯದು. ತಂಗಡಿಯಲ್ಲಿ ಹದಗೊಳಿಸಿದ ಚರ್ಮ ಬಿಸಿಲಿಗೆ ಕೆಂಪಾಗದಿರಲೆಂದು ಕೊನೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಅದ್ದುವ ಪದ್ಧತಿ ನಮ್ಮ ಹದಗಾರರಲ್ಲಿತ್ತು. ಅವರ ಅನುಭವಜ್ಞಾನಕ್ಕೆ ತಲೆದೂಗಬೇಕು.

ಬಿಳಿಯ ಬಟ್ಟೆಯಿಂದ ಚೀಲದ ಮೂಲೆ ಮೂಲೆಯನ್ನೂ ಮೆಲ್ಲನೆ ಒರೆಸಿ ನೋಡಿದೆ. ಅಡಿಯ ಒಂದು ಮೂಲೆಯಲ್ಲಿ ಮಾತ್ರ, ಎಂಟಾಣೆಯಷ್ಟು ಅಗಲ, ಕೆಂಪು ಪುಡಿ ಬಂದಿತು. ಉಳಿದುದೆಲ್ಲ ಬರಿಯ ಒಣಕಲು. ಆ ಮೂಲೆಗೆ ನೀರು ತಾಕಿಸಬಾರದು. ರೋಗ ಹತ್ತಿದ ಚರ್ಮಕ್ಕೆ ನೀರು ಬಿದ್ದರೆ ಕಪ್ಪಾಗಿ ಇದ್ದಿಲಿನಂತೆ ಗಡುಸಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ವಸ್ತುಸಂಗ್ರಹಾಲಯದವರು ಇಂಥಲ್ಲಿ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಅಂಟನ್ನು ಸ್ಪಿರಿಟ್ಟಿನಲ್ಲಿ ತೆಳ್ಳಗೆ ಕರಗಿಸಿ ಸವರುತ್ತಾರೆ. ಪುಡಿ ನಿಲ್ಲುತ್ತದೆ, ಆದರೆ ಹೋದ ಬಲ ಬಾರದು.

ಮೊದಲ ವಾರ ಏನನ್ನೂ ಹಚ್ಚಲಿಲ್ಲ. ಗಾಳಿಯಾಡುವ ನೆರಳಿನಲ್ಲಿ ಇಟ್ಟು, ಮೃದುವಾದ ಬ್ರಷ್ಷಿನಿಂದ ಅಂಗಳದಲ್ಲಿ ಧೂಳು, ಬೂಷ್ಟುಗಳನ್ನು ಉದುರಿಸಿದೆ. ಈ ಕೆಲಸವನ್ನು ಮನೆಯೊಳಗೆ ಮಾಡಿದರೆ ಬೂಷ್ಟಿನ ಬೀಜವನ್ನು ಮನೆಯ ಎಲ್ಲ ಬೀರುಗಳಿಗೂ ಬಿತ್ತಿದಂತೆಯೇ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಚ್ಚಲ ಒಲೆಯ ಬಳಿಯಾಗಲಿ, ಬಿಸಿಲಿನಲ್ಲಾಗಲಿ ಇಡುವ ಆಸೆಯನ್ನು ತಡೆಯಬೇಕು. ಹಪ್ಪಳ ಒಣಗಿಸುವ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಉಳಿದ ಬೂಷ್ಟಿನ ಕಲೆಗಳಿಗೆ ಸ್ಪಿರಿಟ್ಟು, ನೀರುಗಳನ್ನು ಸಮಸಮ ಬೆರೆಸಿ, ಹಿಂಡಿದ ಬಟ್ಟೆಯಿಂದ ತೋರಿದಷ್ಟೇ ತಾಕಿಸಿದೆ. ಮೊದಲು ಚೀಲದ ತಳದಲ್ಲಿ, ಕಾಣದ ಕಡೆ, ಬಣ್ಣ ಬಿಡುವುದೇ ಎಂದು ಪರೀಕ್ಷಿಸಿದ ಮೇಲೆ.

ಹಿತ್ತಾಳೆಯ ಕೊಂಡಿಯ ಸುತ್ತ ಹಸಿರು ಮೇಣದಂಥದು ಕಟ್ಟಿತ್ತು. ಚರ್ಮದ ಕೊಬ್ಬು ಹಿತ್ತಾಳೆಯಲ್ಲಿನ ತಾಮ್ರದೊಡನೆ ಕೂಡಿ ಆದುದು ಅದು. ನಮ್ಮ ಮನೆಯಾಕೆ ಕೂಡಲೇ ಹುಣಸೆಹಣ್ಣು ತಂದಳು. ಹರಿವಾಣಕ್ಕೆ ಅದು ಸರಿ, ಆದರೆ ಚರ್ಮದ ಪಕ್ಕದಲ್ಲಿ ಹುಳಿ ಎಂದರೆ ಆ ಕೆಂಪು ರೋಗಕ್ಕೆ ಆಮಂತ್ರಣವಿತ್ತಂತೆ. ಹಲ್ಲುಕಡ್ಡಿಯಿಂದ ಕೆದಕಿ ತೆಗೆದು, ಹತ್ತಿಯಿಂದ ಒರೆಸಿದೆವು.

ಇನ್ನು ಎಣ್ಣೆಯ ಪ್ರಶ್ನೆ. ನೆರೆಯ ಅಜ್ಜಿ ಮುರುಗಲು ತುಪ್ಪವನ್ನು ಸೂಚಿಸಿದರು. ಒಡೆದ ಹಿಮ್ಮಡಿಗೆ ಅದಕ್ಕಿಂತ ಮದ್ದಿಲ್ಲ, ನಿಜ. ಆದರೆ ಅದು ಬೇಸಗೆಯಲ್ಲಿಯೂ ಗಟ್ಟಿಯಾಗಿಯೇ ಇರುವ ಕೊಬ್ಬು. ಕೊಬ್ಬರಿ ಎಣ್ಣೆಯ ಪಾಠ ಮರೆತಿರಲಿಲ್ಲ. ವಿಲಾಯತಿ ಪುಸ್ತಕಗಳು ದನದ ಕಾಲೆಲುಬಿನಿಂದ ತೆಗೆದ ಎಣ್ಣೆಯನ್ನು ಹೊಗಳುತ್ತವೆ. ಅದನ್ನು ತರಿಸಿದ್ದರೆ ಜಗಲಿಯ ಗೂಟಕ್ಕೆ ಚೀಲದ ಬದಲು ನಾನು ಹೋಗಬೇಕಾಗುತ್ತಿತ್ತು. ಪೇಟೆಯ ಅಂಗಡಿಯೊಬ್ಬರು, “ಕಪ್ಪು ಬಣ್ಣ ಹೊಡೆದುಬಿಡಿ, ಹೊಸದರಂತೆ ಆಗುತ್ತದೆ” ಎಂದರು. ಹೊಸ ಚೀಲವೇ ಬೇಕಾಗಿದ್ದರೆ ಅವರಲ್ಲಿಯೇ ಕೊಳ್ಳಬಹುದಾಗಿತ್ತು! ಕಡೆಗೆ ನಾನು ಆರಿಸಿದುದು ಹರಳೆಣ್ಣೆ ಮತ್ತು ಜೇನುಮೇಣ. ಹರಳೆಣ್ಣೆ ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಬೇಗ ಅಂಟಾಗಿ ಒಣಗುವುದೂ ಇಲ್ಲ. ಮೂರು ಪಾಲು ಹರಳೆಣ್ಣೆ, ಒಂದು ಪಾಲು ಮೇಣ, ಇವನ್ನು ಬಟ್ಟಲಿಗೆ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ಆರಿಸಿದರೆ ಮುಲಾಮಾಗುತ್ತದೆ. ನೇರವಾಗಿ ಉರಿಯ ಮೇಲೆ ಇಡಬೇಡಿ.

ಹಚ್ಚಬೇಕಾದುದು ಎಷ್ಟು? ಇಡೀ ಚೀಲಕ್ಕೆ ಒಂದು ಸಲಕ್ಕೆ ಕಡಲೆಕಾಳಿನಷ್ಟು. ಅದನ್ನು ಬಟ್ಟೆಗೆ ತೀಡಿ, ಚೀಲಕ್ಕೆ ಸವರಿ, ಮೂರು ದಿನ ಸುಮ್ಮನಿರಬೇಕು. ನನಗೆ ಅತ್ಯಂತ ಕಷ್ಟವಾದುದು ಈ ಸುಮ್ಮನಿರುವಿಕೆ. ಹೀಗೆ ನಾಲ್ಕು ಸಲ. ಎರಡನೆಯ ಸಲಕ್ಕೆ ಮುಚ್ಚಳ ಸದ್ದಿಲ್ಲದೆ ಅರ್ಧ ಎದ್ದಿತು. ನಾಲ್ಕನೆಯದಕ್ಕೆ ಪೂರ್ತಿ ತೆರೆಯಿತು. ಒಳಗಿನ ಅಸ್ತರಿನ ಮೇಲೆ ಪೆನ್ನಿನ ಶಾಯಿ ಚೆಲ್ಲಿದ ನೀಲಿ ಕಲೆ, ಕಿಸೆಯಲ್ಲಿ ಒಂದು ಸೀಮೆಸುಣ್ಣದ ತುಂಡು. ಕಲೆಯನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ.

ಎಣ್ಣೆಯಿಂದ ಚರ್ಮ ಮೆತ್ತಗಾಗಬಹುದು, ಆದರೆ ಕೊಳೆತ ದಾರ ಗಟ್ಟಿಯಾಗದು. ಹಿಡಿಕೆಯ ಬುಡದಲ್ಲಿ ಹೊಲಿಗೆ ಹೋಗಿತ್ತು. ಪೇಟೆಯ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿಗೆ ಒಯ್ದೆ. ಅವರು ಚೀಲವನ್ನು ತಿರುಗಿಸಿ, ಅಂಚನ್ನು ನೋಡಿ, ಮೂಸಿ, “ಮರದ ತೊಗಟೇದು ಸಾರ್. ಒಳಗಿಂದ ಹೊರಗಿನವರೆಗೂ ಒಂದೇ ಬಣ್ಣ ನೋಡಿ” ಎಂದರು. ಹಿಡಿಕೆಯನ್ನು ಬದಲಾಯಿಸುವುದೇ ಕ್ಷೇಮವೆಂಬುದು ಅವರ ಮೊದಲ ಅಭಿಪ್ರಾಯ. ಕಪ್ಪಾದ ಬದಿ ಯಾರ ಕೈಯದೆಂದು ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಿಡಿಕೆಯ ಹೊಲಿಗೆಯನ್ನು ಬಿಚ್ಚಿ, ಒಳಗೆ ಹೊಸ ಚರ್ಮದ ಪಟ್ಟಿಯೊಂದನ್ನು ಸೇರಿಸಿ, ಮೇಣ ತೀಡಿದ ದಾರದಿಂದ, ಹಳೆಯ ತೂತುಗಳಲ್ಲಿಯೇ ಎರಡು ಸೂಜಿಗಳಿಂದ ಹೊಲಿದರು. ಹೊಸ ತೂತು ಮಾಡಿದರೆ ಅಂಚೆಚೀಟಿಯ ಹಾಗೆ ಹರಿದುಬರುತ್ತದೆಂದರು. ಭಾರವೆಲ್ಲ ಈಗ ಒಳಗಿನ ಪಟ್ಟಿಯ ಮೇಲೆ. ಅತ್ತೆಯ ಬೆರಳ ಗುರುತು ಇದ್ದಲ್ಲಿಯೇ ಇದೆ. ಪುಡಿಯುದುರುವ ಮೂಲೆಗೂ ಒಳಗಿನಿಂದ ಒಂದು ತೇಪೆ ಹಾಕಿದರು.

ಹಣ ಕೊಡುವಾಗ, ಮನೆಗೆ ಒಮ್ಮೆ ಬಂದು ಉಳಿದ ಚರ್ಮದ ಸಾಮಾನುಗಳನ್ನು ನೋಡಬಹುದೇ ಎಂದು ಕೇಳಿದೆ. “ನಿಮ್ಮ ಮನೆ ನನಗೆ ಗೊತ್ತು ಸಾರ್. ನಮ್ಮಪ್ಪ ನಿಮ್ಮ ತಂದೆಯವರ ಮೆಟ್ಟು ಹೊಲಿಯಲು ಬರುತ್ತಿದ್ದರು. ಅಂಗಳದ ತುದಿಯಲ್ಲಿ ಕೂರುತ್ತಿದ್ದರು” ಎಂದರು. ಅದರಲ್ಲಿ ದೂರಿನ ಧ್ವನಿಯಿರಲಿಲ್ಲ. ನನಗೆ ಉತ್ತರ ತೋಚಲಿಲ್ಲ. ಮುಂದಿನ ಭಾನುವಾರ ಬಂದರು. ನಡುಮನೆಯಲ್ಲಿ ಕುಳಿತು ಕಾಫಿ ಕುಡಿದು, ನಾನು ಕೆಡಿಸಿದ ತಂದೆಯ ಪೆಟ್ಟಿಗೆಯನ್ನು ನೋಡಿ ನಕ್ಕರು. ಅದಕ್ಕೆ ಮದ್ದಿಲ್ಲವಂತೆ.

ಚೀಲವನ್ನು ಕೊಡುವಾಗ ಹುಡುಗಿಗೆ ನಾನು ಹಾಕಿದ ಕಟ್ಟುಗಳು ಹಲವು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಕೂಡದು, ಒಳಗಿನ ತೇವ ಹೊರಗೆ ಹೋಗದೆ ಬೂಷ್ಟು ಬರುತ್ತದೆ. ಹಳೆಯ ಹತ್ತಿಯ ಪಂಚೆಯೇ ಲೇಸು. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ. ಹೊಟ್ಟೆಗೆ ಶುಭ್ರವಾದ ಬಿಳಿಯ ಕಾಗದ ತುಂಬಿಡಬೇಕು. ವೃತ್ತಪತ್ರಿಕೆ ತುರುಕಿದರೆ ಅಚ್ಚಿನ ಮಸಿ ಅಸ್ತರಿಗೆ ಹತ್ತುತ್ತದೆ. ಮಳೆ ನೀರು ಇಳಿಯುವ ಹೊರಗೋಡೆಗೆ ತೂಗುಹಾಕಬಾರದು. ಮುಲಾಮು ವರ್ಷಕ್ಕೊಮ್ಮೆ ಸಾಕು. ಆರಿದ್ರೆ ಹಿಡಿದ ಮೇಲೆ ಚೀಲ ಮನೆಯಲ್ಲಿಯೇ ಇರಬೇಕು.

ಮೊನ್ನೆ ತೀರ್ಥಹಳ್ಳಿಗೆ ಹೋಗಿದ್ದೆ. ತುಂಗೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಹುಡುಗಿ ಶಾಲೆಗೆ ರೆಕ್ಸಿನ್ ಚೀಲ ಹಿಡಿದು ಹೋಗಿದ್ದಳು. ಅವಳ ಬಾಡಿಗೆ ಮನೆಯಲ್ಲಿ ಮಳೆಯ ತೇವ ತಾಕದ ಒಳಗೋಡೆ ಒಂದೇ ಒಂದು. ಅದು ದೇವರ ಗೂಡು ಇರುವ ಗೋಡೆ. ಗೂಡಿನ ಪಕ್ಕದ ಗೂಟದಲ್ಲಿ, ಬಿಳಿಯ ಪಂಚೆಯ ಹೊದಿಕೆಯೊಳಗೆ, ಅತ್ತೆಯ ಚೀಲ ತೂಗುತ್ತಿತ್ತು.