ಬೋನ್ಸಾಯ್ ಮನೆಯೊಳಗೋ, ಹೊರಗೋ?

ಪ್ರಶ್ನೆ: ಉಡುಗೊರೆಯಾಗಿ ಬಂದ ಜುನಿಪರ್ ಬೋನ್ಸಾಯನ್ನು ಹಾಲ್‌ನಲ್ಲಿ ಇಟ್ಟು ದಿನವೂ ನೀರು ಹಾಕುತ್ತಿದ್ದೆ. ಎರಡು ತಿಂಗಳು ಹಸಿರಾಗಿದ್ದದ್ದು ಈಗ ಕಂದಾಗಿದೆ. ತಪ್ಪೇನು?

ಉತ್ತರ: ತಪ್ಪು ಜಾಗದ್ದು. ಬೋನ್ಸಾಯ್ ಎಂಬುದು ಗಿಡದ ಜಾತಿಯಲ್ಲ, ಬೆಳೆಸುವ ಕ್ರಮ. ಕುಂಡ ಚಿಕ್ಕದಾದರೂ ಮರದ ಹಸಿವು ಕಾಡಿನದೇ. ಜುನಿಪರ್‌ಗೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು, ಓಡಾಡುವ ಗಾಳಿ, ಚಳಿಗಾಲದ ತಂಪು ಬೇಕು. ನಿತ್ಯಹರಿದ್ವರ್ಣವಾದ್ದರಿಂದ ಬೇರು ಸತ್ತ ಮೇಲೂ ಕೆಲವು ವಾರ ಹಸಿರಾಗಿಯೇ ಕಾಣುತ್ತದೆ. ನೀವು ಮೋಸಹೋದದ್ದು ಅಲ್ಲಿಯೇ. ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಇನ್ನೂ ಆಸೆಯಿದೆ. ಮೊದಲು ಎಳೆಬಿಸಿಲಿಗೆ, ನಿಧಾನವಾಗಿ ಪೂರ್ತಿ ಬಿಸಿಲಿಗೆ ಒಗ್ಗಿಸಿ.

ಲೆಕ್ಕಕ್ಕೆ ದಿನಾ ನೀರು ಹಾಕುವುದೂ ಸರಿಯಲ್ಲ. ಬೆರಳನ್ನು ಮಣ್ಣಿಗೆ ಒಂದು ಅಂಗುಲ ಇಳಿಸಿ. ಒಣಗತೊಡಗಿದ್ದರೆ ಮಾತ್ರ ಕುಂಡದ ತಳದ ತೂತಿನಿಂದ ಹರಿಯುವಷ್ಟು ಹಾಕಿ.

ಮನೆಯೊಳಗೇ ಬೇಕೆಂದರೆ ನಮ್ಮ ಆಲ, ಅತ್ತಿಯ ಬಳಗದ ಫೈಕಸ್ ಇಡಿ, ಬೆಳಕು ಚೆನ್ನಾಗಿ ಬರುವ ಕಿಟಕಿಯ ಬಳಿ. ಅದಕ್ಕೂ ಆಗಾಗ ಹೊರಗಿನ ಗಾಳಿ ಬೇಕು.

ವಾಷಿಂಗ್ಟನ್‌ನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಜಪಾನಿನ ಒಂದು ಬಿಳಿ ಪೈನ್ ಬೋನ್ಸಾಯ್ ಇದೆ. 1625ರಿಂದ ಕುಂಡದಲ್ಲಿ ಬೆಳೆದ ಆ ಮರ 1945ರಲ್ಲಿ ಹಿರೋಶಿಮಾದ ಬಾಂಬನ್ನೂ ತಾಳಿಕೊಂಡಿತು. ಆಗಲೂ ಅದು ಇದ್ದದ್ದು ಹೊರಗೆ, ಗೋಡೆಯ ಮರೆಯ ತೋಟದಲ್ಲಿ. ನಿಮ್ಮ ಜುನಿಪರನ್ನು ಇಂದೇ ಬಾಲ್ಕನಿಗೆ ಒಯ್ಯಿರಿ.