ಚರ್ಮಕ್ಕೂ ಟಿಬಿ ಬರುತ್ತದೆಯೇ?

ಪ್ರಶ್ನೆ: ಚರ್ಮದ ಕ್ಷಯವನ್ನು ಬಯಾಪ್ಸಿಯಲ್ಲಿ ಹೇಗೆ ಗುರುತಿಸುತ್ತಾರೆ?
– ಓದುಗರು, ಬಾಡಗಂಡಿ (ಬೀಳಗಿ ತಾಲ್ಲೂಕು)

ಉತ್ತರ: ಚರ್ಮದ ಟಿಬಿ ಅಪರೂಪ, ಆದರೆ ವೇಷ ಹಲವು. ಮುಖದ ಮೇಲೆ ನಿಧಾನ ಹರಡುವ ಕೆಂಪು ಮಚ್ಚೆ, ಕತ್ತಿನ ಗಡ್ಡೆ ಒಡೆದು ಸೋರುವ ಹುಣ್ಣು. ಕುಷ್ಠವೆಂದು ಮೋಸಹೋಗುವುದೂ ಉಂಟು.

ಜಾಗ ಮರಗಟ್ಟಿಸಿ, ಸುಮಾರು 4 ಮಿ.ಮೀ. ಅಗಲದ ಚೂರು ತೆಗೆದು ಫಾರ್ಮಲಿನ್‌ನಲ್ಲಿಡುತ್ತಾರೆ. ಕಲ್ಚರ್‌ಗೆ, ಅಂದರೆ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಬೇರೆ ಚೂರು ಸಲೈನ್‌ನಲ್ಲೇ ಹೋಗಬೇಕು. ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ. ಸೂಕ್ಷ್ಮದರ್ಶಕದಡಿ ರಕ್ಷಣಾ ಕೋಶಗಳ ಗುಂಪು, ಅಂದರೆ ಗ್ರಾನುಲೋಮ ಕಾಣುತ್ತದೆ. ನಡುವೆ ಕೋಶಕೇಂದ್ರಗಳನ್ನು ಕುದುರೆಲಾಳದಂತೆ ಜೋಡಿಸಿಕೊಂಡ ಲಾಂಗ್‌ಹಾನ್ಸ್ ದೈತ್ಯಕೋಶ.

ರೋಗಾಣು ಮಾತ್ರ ಎಷ್ಟೋ ಸಲ ಕಣ್ಣಿಗೇ ಬೀಳದು. ಹಾಗೆಂದು ಟಿಬಿ ಇಲ್ಲವೆನ್ನಲಾಗದು. ಕಲ್ಚರ್‌ಗೆ 6–8 ವಾರ ಕಾಯಬೇಕಾದೀತು.

ಔಷಧಿ ಸಾಮಾನ್ಯವಾಗಿ 6 ತಿಂಗಳು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಿಮ್ಮೂರಲ್ಲೇ ಈಗ ವೈದ್ಯಕೀಯ ಕಾಲೇಜಿದೆ. ಮಾಯದ ಹುಣ್ಣಿಗೆ ಮುಲಾಮು ಹಚ್ಚುತ್ತ ಕೂರದೆ ತೋರಿಸಿ.